ಫೈನಲ್ ದಿನದ ಪಾಲಿಶ್

ಮಂಕಾದ ವಸ್ತು ಕಂಡರೆ ಅಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ನಲವತ್ತು ವರ್ಷ ಮರದ ಸಾಮಾನಿಗೆ ಪಾಲಿಶ್ ಹಾಕಿದ ಕೈ ಅದು. ಫೈನಲ್‌ಗೆ ಮುಂಚೆ ಮಗಳು ಬಟ್ಟೆ ಬದಲಿಸಲು ಹೋದದ್ದೇ ತಡ, ಅವಳ ಆಟದ ಗಾಲಿಕುರ್ಚಿಯನ್ನು ಎಳೆದುಕೊಂಡು, ಕೈಯಿಂದ ಚಕ್ರ ನೂಕುವ ಬಳೆಗಳಿಗೆ ಮೇಣ ತಿಕ್ಕಿ ಲಕಲಕ ಅನ್ನಿಸಿಬಿಟ್ಟ. ಹನ್ನೆರಡು ವರ್ಷದಿಂದ ಟೆನಿಸ್ಸೇ ಅವಳ ಉದ್ಯೋಗ. ಇವತ್ತು ಗೆದ್ದರಷ್ಟೇ ದೊಡ್ಡ ಟೂರ್ನಿಗೆ ದಾರಿ.

ಎಲ್ಲಿ ಬೀಳುತ್ತಾಳೋ ಎಂಬ ಪುಕ್ಕಲಿನಿಂದ ಅವನು ಅವಳ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಇವತ್ತು ಹೆಂಡತಿ ಎಳೆತಂದು ಅಂಕಣದ ಪಕ್ಕದಲ್ಲೇ ಕೂರಿಸಿದ್ದಳು.

ಮೊದಲ ಸೆಟ್ ಕೈಬಿಟ್ಟುಹೋಯಿತು. ಮಗಳು ನೂಕಿದಷ್ಟೂ ಅಂಗೈ ಜಾರುತ್ತಿತ್ತು. ಗಾಲಿಕುರ್ಚಿಯ ಟೆನಿಸ್‌ನಲ್ಲಿ ಚೆಂಡು ಎರಡು ಸಲ ಪುಟಿದರೂ ಹೊಡೆಯಬಹುದು; ಅವಳು ತಲುಪುವಷ್ಟರಲ್ಲಿ ಅದು ಮೂರನೆಯ ಸಲವೂ ಪುಟಿದು ಅಣಕಿಸುತ್ತಿತ್ತು. ಬೆವರಿರಬೇಕೆಂದು ಒರೆಸಿ ಒರೆಸಿ ಸಾಕಾಗಿ, ಕೊನೆಗೆ ಕೈ ಮೂಸಿ ನೋಡಿದವಳು ಅಪ್ಪನತ್ತ ತಿರುಗಿದಳು.

“ಅಪ್ಪಾ, ಏನ್ ಹಚ್ಚಿದೆ?”

“ಮೇಣ ಕಣೇ... ಚೆನ್ನಾಗ್ ಕಾಣ್ಲಿ ಅಂತ.”

“ಮರ ಉಜ್ಜೋ ಉಪ್ಪುಕಾಗದ ಜೇಬಲ್ಲಿದ್ಯಾ?”

“ಅದಿಲ್ದೆ ನಾನು ಹೊರಗೆ ಕಾಲಿಟ್ಟಿದ್ದುಂಟಾ?”

“ಹಾಗಾದ್ರೆ ಬಾ, ಉಜ್ಜು!”

“ಎರಡೇ ನಿಮಿಷ,” ಎಂದರು ಅಂಪೈರ್. ಅಪ್ಪ ಮಂಡಿಯೂರಿ, ತಾನೇ ತಂದ ಹೊಳಪನ್ನು ತಾನೇ ಕೆರೆದು ಹಾಳುಮಾಡಿದ. ಇಷ್ಟು ಶ್ರದ್ಧೆಯಿಂದ ಅವನು ಯಾವ ಕೆಲಸವನ್ನೂ ಕೆಡಿಸಿರಲಿಲ್ಲ.

ಆಮೇಲೆ ಅವನು ತೆರೆದ ಬಾಯಿ ಮುಚ್ಚಲಿಲ್ಲ. ರಾಕೆಟ್ ಹಿಡಿದ ಕೈಯಲ್ಲೇ ಚಕ್ರ ನೂಕುತ್ತಾಳಲ್ಲ! ಚೆಂಡಿಗೆ ಬೆನ್ನುಹಾಕಿ ಗಿರ್ರನೆ ಸುತ್ತಿ, ಅದು ಎರಡನೇ ಸಲ ಪುಟಿಯುವಷ್ಟರಲ್ಲಿ ಅಲ್ಲಿ ಹಾಜರು. ಒಮ್ಮೆ ಕುರ್ಚಿ ಸಮೇತ ಮಗುಚಿಯೇಬಿಟ್ಟಳು. ಅವನು ಓಡಲೆಂದು ಏಳುವುದರೊಳಗೆ ನೆಲಕ್ಕೆ ಕೈಯೂರಿ ತಾನೇ ನೆಟ್ಟಗಾಗಿ, ಮುಂದಿನ ಸರ್ವ್‌ಗೆ ಚೆಂಡು ಕೇಳಿದಳು. ಇದನ್ನು ನೋಡಲಾರೆನೆಂದು ಹನ್ನೆರಡು ವರ್ಷ ಮನೆಯಲ್ಲಿ ಕೂತಿದ್ದೆನಲ್ಲ ಎಂದು ಅಪ್ಪ ತನ್ನನ್ನು ತಾನೇ ಬೈದುಕೊಂಡ.

ಎರಡನೇ ಸೆಟ್ ಅವಳದಾಯಿತು. ಮೂರನೇ ಸೆಟ್‌ನ ಕೊನೆಯ ಚೆಂಡು ಎದುರಾಳಿಯನ್ನು ದಾಟಿ ಗೆರೆಯ ಮೇಲೆ ಬಿತ್ತು. ಗೆದ್ದಳು!

ತಪ್ಪಾಯಿತು ಎನ್ನಲು ಅಪ್ಪ ಅವಳ ಕೈ ಹಿಡಿದ. ತನ್ನದರಷ್ಟು ಒರಟು ಕೈ ಇನ್ನೊಂದಿಲ್ಲ ಎಂದುಕೊಂಡಿದ್ದವನು, ಚಕ್ರ ನೂಕಿ ನೂಕಿ ದಡ್ಡುಗಟ್ಟಿದ ಆ ಅಂಗೈಯನ್ನು ಹೆಬ್ಬೆರಳಿಂದ ಸವರಿ ಸವರಿ ನೋಡಿದ.

“ಏನಪ್ಪಾ, ಇದಕ್ಕೂ ಪಾಲಿಶ್ ಹಾಕ್ತೀಯಾ?”

“ಇಲ್ಲ ಕಣೇ,” ಎಂದ ಅವನು, ಕೈ ಬಿಡದೆ. “ಇದು ಹೀಗೇ ಇರ್ಲಿ.”