ಹೇಳದೆ ಹೋಗುವ ನಿಯಮ

ನಮ್ಮ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇರುವವರೆಲ್ಲ ನಾಯಿಗಳು. ಪ್ರಯಾಣ ಹೊರಡುವವರು ತಮ್ಮ ನಾಯಿಯನ್ನು ತಂದು ನನ್ನ ಹೆಂಡತಿಯ ಕೈಗೆ ಒಪ್ಪಿಸುತ್ತಾರೆ, ಬಂದ ಮೇಲೆ ಕರೆದುಕೊಂಡು ಹೋಗುತ್ತಾರೆ. ನಾನು ಗೂಡು ತೊಳೆಯುವವನು, ಬೈಸಿಕೊಳ್ಳುವವನು. ನಾಯಿಗಳ ವಿಷಯದಲ್ಲಿ ಅವಳ ಮಾತಿಗೆ ಎದುರಿಲ್ಲ. ಬೊಗಳಿದ್ದು ಕೇಳಿಯೇ ಇದು ಹಸಿವು, ಇದು ಹೊಸಬರು ಬಂದದ್ದು, ಇದು ಬರೀ ಬೇಜಾರು ಎಂದು ಒಳಗಿನಿಂದಲೇ ಹೇಳಿಬಿಡುತ್ತಾಳೆ. ನಾನು ಕೂಗಿದರೆ ಮಾತ್ರ ಅವಳಿಗೆ ಕೇಳಿಸುವುದಿಲ್ಲ.

ಅವಳದೊಂದು ಕಟ್ಟುನಿಟ್ಟಿನ ನಿಯಮ: ನಾಯಿಗೆ ಹೇಳಿ ಹೋಗಬಾರದು. ಯಜಮಾನರು ಅದರ ಕುತ್ತಿಗೆ ತಬ್ಬಿಕೊಂಡು, "ಭಾನುವಾರ ಬಂದುಬಿಡ್ತೀನಿ ಕಂದಾ" ಎಂದು ಕಣ್ಣೀರು ಹಾಕಿದರೆ ಇವಳಿಗೆ ಸಿಟ್ಟು ಬರುತ್ತದೆ.

"ಭಾನುವಾರ ಅಂದ್ರೆ ಅದಕ್ಕೇನ್ರೀ ಗೊತ್ತು? ಇವತ್ತು ಬಿಟ್ರೆ ಅದಕ್ಕೆ ಬೇರೆ ದಿನಾನೇ ಇಲ್ಲ. ನಿಮ್ಮ ಅಳು ಮಾತ್ರ ಅರ್ಥ ಆಗುತ್ತೆ, ಹೆದರ್ಕೊಳ್ಳುತ್ತೆ. ತಟ್ಟೆಗೆ ಬಾಯಿ ಹಾಕಿದಾಗ ಮೆಲ್ಲಗೆ ಜಾರ್ಕೊಳ್ಳಿ."

ಫೋನಿನಲ್ಲಿ ದನಿ ಕೇಳಿಸುವುದೂ ಬೇಡ. ಒಂದೆರಡು ದಿನ ಗೇಟಿನ ಕಡೆ ನೋಡಿ ಕುಂಯ್‌ಗುಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಸುಮ್ಮನಾಯಿತೆಂದರೆ ಹೊಂದಿಕೊಂಡಿತು ಎಂದರ್ಥ. ಇದರಲ್ಲಿ ಅವಳ ಲೆಕ್ಕ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಹೀಗಿರುವಾಗ ಅವಳ ತಂಗಿಗೆ, ಅಂದರೆ ನನ್ನ ನಾದಿನಿಗೆ, ಬೆನ್ನಿನ ಆಪರೇಷನ್ ನಿಶ್ಚಯವಾಯಿತು. ಆಸ್ಪತ್ರೆ ದೂರದ ಊರಿನಲ್ಲಿ, ಗಂಡ ಜೊತೆಗಿರಬೇಕು, ಐದು ವರ್ಷದ ಮಗಳು ನಮ್ಮಲ್ಲಿ. ಅವಳನ್ನು ನಾವೆಲ್ಲ ಕರೆಯುವುದು ಪಟಾಕಿ ಎಂದು. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುವ ಹುಡುಗಿ. ನಾಳೆ ಏನು, ನಾಳಿದ್ದು ಏನು, ನಾಯಿಗೆ ರೆಕ್ಕೆ ಇದ್ದಿದ್ದರೆ ದೊಡ್ಡಪ್ಪ ಹೇಗೆ ಹಿಡಿಯುತ್ತಿದ್ದರು, ಹೀಗೆ ನನ್ನ ತಲೆ ತಿನ್ನುತ್ತಿದ್ದಳು.

ಹೊರಡುವ ಬೆಳಗ್ಗೆ ನಾದಿನಿ ಅಡುಗೆಮನೆಗೆ ಬಂದಳು. "ಅಕ್ಕಾ, ಅವಳಿಗೆ ಹೇಳಿಬಿಡ್ಲಾ? ಡಾಕ್ಟ್ರು ಅಮ್ಮನ ಬೆನ್ನು ಸರಿ ಮಾಡ್ತಾರೆ, ಆಮೇಲೆ ಬಂದುಬಿಡ್ತೀನಿ ಅಂತ. ಹೇಗೆ ಹೇಳೋದು ಅಂತ ಎಲ್ಲಾ ಯೋಚನೆ ಮಾಡ್ಕೊಂಡಿದೀನಿ."

"ಹೇಳಿದ್ರೆ ರಂಪ ಮಾಡ್ತಾಳೆ, ನೀನೂ ಅಳ್ತೀಯ. ಹಿಂದ್ಗಡೆ ಮರಿ ಜೊತೆ ಆಡ್ತಿದಾಳೆ, ಈಗ್ಲೇ ಹೊರಟ್ಬಿಡು. ಎರಡು ದಿನದಲ್ಲಿ ಸರಿಹೋಗ್ತಾಳೆ. ನಾನು ನೋಡದ್ದಾ?"

ನಾದಿನಿ ನನ್ನ ಮುಖ ನೋಡಿದಳು. ಇದು ನಾಯಿಮರಿಯಲ್ಲ, ಹೇಳಿದರೆ ತಿಳಿಯುವ ಮಗು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೆಳಗ್ಗೆ ಬೆಳಗ್ಗೆ ಯಾರು ಬೈಸಿಕೊಳ್ಳುತ್ತಾರೆ ಎಂದು ನುಂಗಿಕೊಂಡು, ಅವಳ ಚೀಲವನ್ನು ಕಾರಿನಲ್ಲಿಟ್ಟೆ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

"ಅಮ್ಮ ಎಲ್ಲಿ?" ಎಂದು ಕೇಳುತ್ತಾ ಪಟಾಕಿ ಒಳಗೆ ಬಂದಳು.

"ಬರ್ತಾಳೆ, ಮೊದ್ಲು ತಿಂಡಿ ತಿನ್ನು" ಎಂದಳು ದೊಡ್ಡಮ್ಮ.

ಅವಳು ಕೋಣೆ ಕೋಣೆ ಹುಡುಕಿದಳು, ಬಚ್ಚಲುಮನೆಯ ಬಾಗಿಲು ತಟ್ಟಿದಳು. ಸಂಜೆ ಮತ್ತೆ ಕೇಳಿದಳು, ಮರುದಿನವೂ ಕೇಳಿದಳು. ಆಸ್ಪತ್ರೆಯಿಂದ ನಾದಿನಿ ಫೋನ್ ಮಾಡಿ "ಒಂದೇ ಒಂದು ಮಾತು ಆಡ್ಸಕ್ಕಾ" ಎಂದು ಗೋಗರೆದರೆ, "ಬೇಡ, ಮತ್ತೆ ಶುರು ಮಾಡ್ತಾಳೆ" ಎಂದು ಇವಳು ಫೋನ್ ಇಟ್ಟುಬಿಟ್ಟಳು. ಆಮೇಲೆ ಪಟಾಕಿ ಕೇಳುವುದನ್ನೇ ನಿಲ್ಲಿಸಿದಳು.

"ನೋಡಿದ್ರಾ? ಹೊಂದ್ಕೊಂಡ್ಲು" ಎಂದು ನನ್ನ ಹೆಂಡತಿ ಬೀಗಿದಳು.

ಹೊಂದಿಕೊಂಡಂತೆಯೇ ಇತ್ತು. ತಟ್ಟೆಯಲ್ಲಿ ಚೂರೂ ಬಿಡದೆ ತಿನ್ನುತ್ತಿದ್ದಳು. ಯಾರೂ ಹೇಳದೆ ಹಲ್ಲುಜ್ಜಿ, ಹೊದಿಕೆ ಮಡಿಸಿಡುತ್ತಿದ್ದಳು. ರೆಕ್ಕೆಯ ಸುದ್ದಿ ಮಾತ್ರ ಮತ್ತೆ ಬರಲಿಲ್ಲ. ನನಗೆ ಯಾಕೋ ಸರಿಬರಲಿಲ್ಲ. ಹೇಳಿದರೆ, "ಗಲಾಟೆ ಮಾಡಿದ್ರೂ ನಿಮಗೆ ಕಷ್ಟ, ಮಾಡದಿದ್ರೂ ಕಷ್ಟ" ಎಂದು ಬೈಸಿಕೊಂಡೆ.

ಕೊನೆಗೊಂದು ಮಧ್ಯಾಹ್ನ ನಾದಿನಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಗಂಡನ ಭುಜ ಹಿಡಿದು ಗೇಟಿನೊಳಗೆ ಬಂದಳು. ಯಜಮಾನರು ಮರಳಿದಾಗ ನಾಯಿಗಳ ಸಂಭ್ರಮ ನಮಗೆ ಹೊಸದಲ್ಲ. ಹಾರುತ್ತವೆ, ನೆಕ್ಕುತ್ತವೆ. ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ ಎಂದು ಯಾವ ನಾಯಿಯೂ ವಿಚಾರಿಸುವುದಿಲ್ಲ. ಪಟಾಕಿಯೂ ಹಾಗೆಯೇ ಓಡುತ್ತಾಳೆಂದು ನನ್ನ ಹೆಂಡತಿ ಬಾಗಿಲನ್ನು ಪೂರ್ತಿ ತೆರೆದು ನಿಂತಳು.

ಪಟಾಕಿ ಓಡಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೆಲ್ಲಗೆ ನಡೆದು, ಅಮ್ಮನಿಂದ ಸ್ವಲ್ಪ ದೂರದಲ್ಲೇ ನಿಂತಳು.

"ಅಮ್ಮಾ, ಆವತ್ತು ನೀನು ಜಡೆ ಹಾಕ್ತಾ ಎಳೆದಾಗ ನಾನು 'ನೀನು ಬೇಡ, ಹೋಗು' ಅಂದೆ ಅಲ್ವಾ? ಅದು ಸುಮ್ನೆ ಅಂದಿದ್ದು. ನಿಜವಾಗ್ಲೂ ಹೋಗು ಅಂತ ಅಲ್ಲ."

ನಾದಿನಿ ಗಂಡನ ಭುಜ ಬಿಟ್ಟು ಅಲ್ಲೇ ಕುಸಿದು ಕೂತಳು. ಆಪರೇಷನ್ನಿನ ಕಥೆಯನ್ನೆಲ್ಲ ಹೇಳಿದಳು, ಪಟ್ಟಿ ತೋರಿಸಿದಳು, ನಿನ್ನ ಮಾತಿನಿಂದ ಹೋದದ್ದಲ್ಲ ಕಂದಾ ಎಂದು ಮತ್ತೆ ಮತ್ತೆ ಹೇಳಿದಳು. ಪಟಾಕಿ ತಲೆಯಾಡಿಸಿದಳು. ಕೇಳಿಸಿಕೊಂಡಳು, ನಂಬಲಿಲ್ಲ. ನಾವು ಬಾಯಿ ಬಿಡದಿದ್ದಾಗ ಅವಳು ತಾನೇ ಒಂದು ಕಾರಣ ಕಟ್ಟಿಕೊಂಡು, ಅಷ್ಟು ದಿನವೂ ಅದರ ಜೊತೆ ಒಬ್ಬಳೇ ಇದ್ದಳು. ನಾಯಿಗೆ ಈ ಪಾಡಿಲ್ಲ. ಅದು ಏನನ್ನೂ ಸುಮ್ಮನೆ ಅನ್ನಲಾರದು, ಅಂದದ್ದಕ್ಕೆ ಕೊರಗಲಾರದು. ನನ್ನ ಹೆಂಡತಿ ತಂಗಿಯ ಕೈ ಹಿಡಿದು "ತಪ್ಪಾಯ್ತು ಕಣೇ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅವಳನ್ನು ಸಮಾಧಾನ ಮಾಡುವ ಮುಖ ನನಗಿರಲಿಲ್ಲ.

ಮೊನ್ನೆ ಅವರ ಮನೆಗೆ ಹೋಗಿದ್ದೆವು. ನಾದಿನಿ ಮಗಳಿಗೆ ಜಡೆ ಹಾಕುತ್ತಿದ್ದಳು. ಸಿಕ್ಕು ಬಿಡಿಸುವಾಗ ಬಾಚಣಿಗೆ ಜೋರಾಗಿ ಎಳೆಯಿತು. ಪಟಾಕಿಯ ಮುಖ ಕೆಂಪೇರಿತು, ಬಾಯಿ ತೆರೆಯಿತು. ಬೈಯಲಿ, ಕಿರುಚಲಿ ಎಂದು ನಾವೆಲ್ಲ ಕಾದೆವು. ಅವಳು ತುಟಿ ಕಚ್ಚಿಕೊಂಡು, "ಪರವಾಗಿಲ್ಲಮ್ಮ, ಎಳಿ" ಎಂದಳು.