ಎಲ್ಲರ ಹಾಳೆಯಲ್ಲೂ ಇದ್ದ ಗೆರೆ

ಮುಕ್ತಾ ಶೇವಾಳೆಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಮೆಸ್ಸಿನಲ್ಲಿ ಅವಲಕ್ಕಿಯ ಪೋಹೆ ಅರ್ಧಕ್ಕೇ ಬಿಟ್ಟು ಎದ್ದಳು. ಕೋಣೆಗೆ ಬಂದು ಪೆನ್ಸಿಲ್ ಚೂಪು ಮಾಡಿದಳು, ಚೂಪಾಗಿದ್ದದ್ದನ್ನೇ ಮತ್ತೆ ಚೂಪು ಮಾಡಿದಳು. ಇಂಜಿನಿಯರಿಂಗಿನ ಮೊದಲ ಸೆಮಿಸ್ಟರಿನಲ್ಲಿ ಡ್ರಾಯಿಂಗ್ ಒಂದರಲ್ಲೇ ಅವಳು ಡುಮ್ಕಿ ಹೊಡೆದಿದ್ದಳು. ಈಗ ಎರಡನೇ ಸೆಮಿಸ್ಟರಿನಲ್ಲಿ ಉಳಿದರ್ಧ ಬ್ಯಾಚಿನವರಿಗೆ ಆ ವಿಷಯ ಬಂದಿತ್ತು, ಅವರ ಜೊತೆ ಇವಳದು ಎರಡನೇ ಸಲ. ಇದೂ ಹೋದರೆ ವರ್ಷವೇ ಹೋಯಿತು; ಗಂಟುಮೂಟೆ ಕಟ್ಟಿ ತನ್ನೂರು ಫಲಟಣಕ್ಕೆ ವಾಪಸ್ಸು. ಅಲ್ಲಿನ ಓಣಿಯ ಮಾವಶಿಯರು, ಆ ಚಿಕ್ಕಮ್ಮಂದಿರು, ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ. ಪರೀಕ್ಷೆಗೆ ಕೂರಬೇಕಾದರೂ ನಾಳೆ ಡ್ರಾಯಿಂಗ್ ಕಲಿಸುವ ಕುಂಟೆ ಸರ್ ವೈವಾ ತೆಗೆದುಕೊಂಡು ಅವಳ ಹಾಳೆಗೆ ಸಹಿ ಹಾಕಬೇಕಿತ್ತು.

ಹೋದ ಸಲ ಅವಳ ಹಾಳೆಗಳು ಚೆಂದವೇ ಇದ್ದವು. ಇರದೆ ಏನು? ಎಲ್ಲ ಗಾಜಿನ ಕೃಪೆ. ಎರಡು ಸ್ಟೂಲಿನ ಮೇಲೆ ಗಾಜು, ಕೆಳಗೆ ಬಲ್ಬು, ಮೇಲೆ ಜಾಣೆಯೊಬ್ಬಳ ಹಾಳೆ, ಅದರ ಮೇಲೆ ನಮ್ಮದು. ತೋರಿದ ಗೆರೆಯ ಮೇಲೆ ಪೆನ್ಸಿಲ್ ಓಡಿಸಿದರೆ ಮುಗಿಯಿತು. ಆ ಹಾಸ್ಟೆಲ್ಲಿನಲ್ಲಿ ಅದನ್ನು ಕಳ್ಳತನ ಅನ್ನುವವರು ಯಾರೂ ಇರಲಿಲ್ಲ. ಆದರೆ ಪರೀಕ್ಷೆಯ ಹಾಲಿನಲ್ಲಿ ಹಾಳೆಯ ಕೆಳಗೆ ಬಲ್ಬು ಇರಲಿಲ್ಲ, ಮುಕ್ತಾಗೆ ಏನೂ ಕಾಣಲಿಲ್ಲ.

ಅದಕ್ಕೇ ಈ ಸಲ ಹಟ ಹಿಡಿದು ತಾನೇ ಬಿಡಿಸಿದ್ದಳು. ವಕ್ರ ಗೆರೆ, ಒರೆಸಿದ ಕಲೆ, ಹತ್ತಕ್ಕೆ ಐದು, ಆರು. ಕೊನೆಯ ಹಾಳೆಯ ಹೊತ್ತಿಗೆ ಮಾತ್ರ ಒಂದು ಸೋಜಿಗ ನಡೆಯಿತು. ಓರೆ ಮುಖದ, ನಡುವೆ ತೂತಿದ್ದ, ಬಿಡಿಸಬೇಕಿದ್ದ ಕಬ್ಬಿಣದ ತುಂಡು ಅವಳ ತಲೆಯೊಳಗೆ ಎದ್ದು ನಿಂತಿತು. ತಿರುಗು ಅಂದರೆ ತಿರುಗಿತು. ಮುಕ್ತಾಗೆ ಕುಣಿಯುವಷ್ಟು ಖುಷಿಯಾಯಿತು. ಹಾಳೆ ಸುತ್ತಿ ಕಪಾಟಿಗೆ ತುರುಕಿ, ಧಡಕ್ಕನೆ ಬಾಗಿಲು ಹಾಕಿದಳು. ಅದು ಮುಚ್ಚಲಿಲ್ಲ, ಇನ್ನಷ್ಟು ಒತ್ತಿದಳು.

ಮರುದಿನವೇ ಕೋಣೆಯ ಗೆಳತಿ ಹರ್ಷದಾ ಬಂದು ನಿಂತಳು.

"ಅಗ ಮುಕ್ತಾ, ನಿನ್ನ ಹಾಳಿ ಕೊಡ. ಆ ಜಾಣಿ ಊರಿಗೆ ಹೋಗ್ಯಾಳ."

"ನಂದಾ? ನಾ ಫೇಲಾದಾಕಿ ಅದೀನಿ."

"ಗಾಜಿಗೇನ ಗೊತ್ತಾಗತೈತಿ, ಯಾರು ಪಾಸು ಯಾರು ಫೇಲು ಅಂತ! ಕೊಡ, ಭಾಳ ಆಟ ಆಡಬ್ಯಾಡ."

ಮುಕ್ತಾ ಸುರುಳಿಯನ್ನು ಹಾಗೇ ಎತ್ತಿ ಕೊಟ್ಟಳು. ಹರ್ಷದಾಳ ನಕಲು ಮೂಲಕ್ಕಿಂತ ಚೊಕ್ಕಟವಾಗಿತ್ತು, ಆಮೇಲೆ ಅದರ ಮೇಲಿಂದಲೇ ಇಡೀ ಮಹಡಿ ಇಳಿಸಿಕೊಂಡಿತು.

ವೈವಾದ ಹಿಂದಿನ ಸಂಜೆ ಕಾರಿಡಾರಿನಲ್ಲಿ ಹರಡಿದ ಹಾಳೆಗಳನ್ನು ನೋಡಿ ಮುಕ್ತಾ ನಡೆಯುತ್ತಿದ್ದವಳು ನಿಂತಳು. ಪ್ರತಿಯೊಂದರಲ್ಲೂ ಓರೆ ಮುಖದ ಪಕ್ಕ ಚುಕ್ಕೆ ಚುಕ್ಕೆಯ ಗೆರೆ. ಅಡಗಿದ ಅಂಚು ತೋರಿಸುವ ಗೆರೆ. ಅವಳ ಹಾಳೆಯಲ್ಲಿ ಅದಿರಲಿಲ್ಲ.

ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗಿದಳು. ಇಷ್ಟು ಜನ ತಪ್ಪು, ತಾನೊಬ್ಬಳೇ ಸರಿಯೇ? ಅದೂ ಫೇಲಾದವಳು? ಹಾಳೆಯನ್ನು ದಿಟ್ಟಿಸಿದರೆ ಆ ಜಾಗದಲ್ಲಿ ಸಣ್ಣ ಗೀರು ಇದ್ದಂತಿತ್ತು. ತಾನೇ ಎಳೆದು ಅಳಿಸಿದ್ದಿರಬೇಕು, ಮಂಕು ಬುದ್ಧಿ! ಪೆನ್ಸಿಲ್ ಎತ್ತಿ ಚುಕ್ಕೆ ಚುಕ್ಕೆಯಾಗಿ ಎಳೆದುಬಿಟ್ಟಳು. ಆದರೂ ಸಮಾಧಾನವಾಗಲಿಲ್ಲ.

ಮರುದಿನ ವೈವಾದಲ್ಲಿ ಕುಂಟೆ ಸರ್ ಮೊದಲು ಹರ್ಷದಾಳನ್ನು ಕರೆದು ಆ ಗೆರೆಯ ಮೇಲೆ ಬೆರಳಿಟ್ಟರು.

"ಇದೇನವಾ?"

"ಅಡಗಿದ ಅಂಚ್ರಿ ಸರ್."

ಮುಂದಿನವಳು ತೂತಿನ ನಡುಗೆರೆ ಅಂದಳು. ಅದರ ಮುಂದಿನವಳು ನೆರಳು ಅಂದಳು. ಸರ್ ಒಂದೊಂದು ಹಾಳೆಯನ್ನೂ ತಿರುವಿ, ಬೆನ್ನ ಮೇಲೆ ಹೆಬ್ಬೆರಳು ಆಡಿಸಿ, ಸಹಿ ಹಾಕದೆ ಬದಿಗಿಟ್ಟರು.

ಮುಕ್ತಾಳ ಹಾಳೆಯ ಬೆನ್ನ ಮೇಲೆ ಅವರ ಬೆರಳು ನಿಂತಿತು. ಕೈವಾರದ ಮುಳ್ಳು ಊರಿದ ತೂತುಗಳು ಅಲ್ಲಿ ಗುಳ್ಳೆಯಂತೆ ಎದ್ದಿದ್ದವು; ಇಳಿಸಿಕೊಂಡ ಹಾಳೆಗಳಲ್ಲಿ ಅವು ಇರಲಿಲ್ಲ.

"ಇದು ನೀನ ಬಿಡಿಸೀದಿ."

"ಹೂನ್ರಿ ಸರ್."

"ಹಂಗಾರ ಈ ಗೆರಿ ಏನು?"

ಹಿಂದೆ ನಿಂತ ಹರ್ಷದಾ ಸದ್ದಿಲ್ಲದೆ "ಅಂಚು, ಅಂಚು" ಎಂದು ತುಟಿ ಆಡಿಸುತ್ತಿದ್ದಳು. ಮುಕ್ತಾ ಕಣ್ಣು ಮುಚ್ಚಿದಳು. ಕಬ್ಬಿಣದ ತುಂಡು ಬಂದು ನಿಂತಿತು. ತಿರುಗಿಸಿದಳು, ಮಗುಚಿದಳು.

"ಅಲ್ಲಿ ಏನೂ ಇಲ್ರಿ."

"ಮತ್ತ ಯಾಕ ಹಾಕಿದಿ?"

"ಎಲ್ಲಾರ ಹಾಳ್ಯಾಗೂ ಇತ್ರಿ." ಜೀವನದಲ್ಲಿ ಒಂದು ಹಾಳೆ ಸರಿ ಬಿಡಿಸಿ, ಅದನ್ನೂ ತನ್ನ ಕೈಯಾರೆ ಕೆಡಿಸಿದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಸರ್ ರಬ್ಬರು ಮುಂದೆ ತಳ್ಳಿದರು. "ಅಳಸು."

ಅಳಿಸಿದಳು. ಚುಕ್ಕೆಗಳು ಹೋದವು, ಗೀರು ಹೋಗಲಿಲ್ಲ. ಜೋರಾಗಿ ಉಜ್ಜಿದಳು, ಹೋಗಲಿಲ್ಲ. ಬೆರಳಿನಿಂದ ಮುಟ್ಟಿ ನೋಡಿದಳು. ಗೀರಲ್ಲ, ಮಡಿಕೆ. ಸುರುಳಿ, ಕಪಾಟು, ಮುಚ್ಚದ ಬಾಗಿಲು ಎಲ್ಲ ಒಟ್ಟಿಗೇ ನೆನಪಾದವು. ಮಡಿಕೆ ಬೆಳಕಿನಲ್ಲಿ ಗೆರೆಯಾಗಿ ಕಂಡಿದೆ. ಹರ್ಷದಾ ಚುಕ್ಕೆ ಹಾಕಿ ಅಂದಗೊಳಿಸಿದ್ದಾಳೆ. ಇಡೀ ಮಹಡಿ ಅದನ್ನೇ ಇಳಿಸಿದೆ. ಎಲ್ಲರನ್ನೂ ನೋಡಿ ತಾನು ಹೆದರಿದ್ದಳು, ಆ ಎಲ್ಲರೂ ನೋಡಿದ್ದು ತನ್ನನ್ನೇ.

ಮುಕ್ತಾಗೆ ತಡೆಯಲಾರದಷ್ಟು ನಗು ಬಂತು, ಅದರ ಹಿಂದೆಯೇ ಅಳುವೂ.

"ಸರ್, ಇದು ನನ್ನ ಕಪಾಟಿನ ಬಾಗಲ್ರಿ."

ಕುಂಟೆ ಸರ್ ಮೀಸೆಯಡಿ ನಗುತ್ತ ಹತ್ತಕ್ಕೆ ಆರು ಬರೆದು ಸಹಿ ಹಾಕಿದರು. ಉಳಿದವರಿಗೆಲ್ಲ ತಮ್ಮ ಕಣ್ಣೆದುರು ಕೂತು ಮತ್ತೆ ಬಿಡಿಸಲು ಹೇಳಿದರು.

"ನಿನ್ನ ಕಪಾಟಿಗೆ ಬೆಂಕಿ ಬೀಳಲಿ!" ಎಂದು ಹರ್ಷದಾ ಹಲ್ಲು ಕಡಿದಳು. ಬಿಳಿ ಹಾಳೆಯ ಮುಂದೆ ಕೂತು ಕೈವಾರ ಬಿಚ್ಚಿದಳು. ಆಮೇಲೆ ತಲೆ ಎತ್ತದೆ ಕೇಳಿದಳು, "ಮುಳ್ಳು ಎಲ್ಲಿ ಊರೂದ?"

ಮುಕ್ತಾ ಸ್ಟೂಲು ಎಳೆದು ಅವಳ ಪಕ್ಕ ಕೂತಳು. "ಮೊದಲ ಕಣ್ಣ ಮುಚ್ಚ," ಅಂದಳು.