ಮೇಸ್ತ್ರಿಯ ಒಂದು ನಿಮಿಷ

ಹಳೇ ಬಂದರಿನ ಕೋಟೆಯ ನೆತ್ತಿಯ ಮೇಲೆ ಗಂಡನ ಜೊತೆ ನಿಂತು ಸಮುದ್ರ ನೋಡಬೇಕೆಂದು ಮೇಸ್ತ್ರಿಯ ಹೆಂಡತಿಗೆ ಮದುವೆಯಾದಾಗಿನಿಂದ ಆಸೆ. ಅಂತೂ ಇಂತೂ ಇಬ್ಬರೂ ಬಂದಿದ್ದರು. ಮೆಟ್ಟಿಲ ಬಾಗಿಲು ಐದಕ್ಕೆ ಮುಚ್ಚುತ್ತಿತ್ತು, ಆಗಲೇ ನಾಲ್ಕೂವರೆ.

ಬೆಳಿಗ್ಗೆಯಿಂದ ಊರಿನ ಕಂಡ ಕಂಡ ಗೋಡೆಯನ್ನೆಲ್ಲ ತಟ್ಟುತ್ತಾ ಬಂದಿದ್ದ ಮೇಸ್ತ್ರಿ ಮೆಟ್ಟಿಲ ಬುಡದಲ್ಲಿ ನಿಂತೇಬಿಟ್ಟ. ಅಲ್ಲೊಬ್ಬ ಗಾರೆಯವನು ಕೋಟೆಯ ಬಿರುಕಿಗೆ ಸಿಮೆಂಟು ಮೆತ್ತುತ್ತಿದ್ದ.

“ಅಲ್ಲಯ್ಯಾ, ಸುಣ್ಣದ ಗೋಡೆಗೆ ಸಿಮೆಂಟಾ? ಒಳಗಿನ ಉಪ್ಪುನೀರು ಎಲ್ಲಿಂದ ಆಚೆ ಬರಬೇಕು? ನಾಲ್ಕೇ ವರ್ಷಕ್ಕೆ ಕಲ್ಲು ಉದುರುತ್ತೆ!”

“ರೀ, ಗೋಡೆ ನಮ್ಮೂರಲ್ಲೂ ಇದೆ. ಬನ್ನಿ.”

“ಒಂದೇ ನಿಮಿಷ ಕಣೇ,” ಎಂದವನು ಅಂಗಿಯ ತೋಳು ಮಡಚಿ, ಮೂಲೆಯಲ್ಲಿದ್ದ ಸುಣ್ಣ ಎಳೆದುಕೊಂಡು ಕಲಸಲು ಕೂತ.

ಅವನ ನಿಮಿಷದ ಉದ್ದ ಅವಳಿಗೆ ಗೊತ್ತಿತ್ತು. ಒಬ್ಬಳೇ ಹತ್ತಿದಳು. ಕಾವಲುಗಾರ ಸೀಟಿ ಊದುವ ತನಕ ಕಣ್ತುಂಬ ನೋಡಿ ಇಳಿದಳು. ಅವಳ ಹಿಂದೆಯೇ ಬಾಗಿಲಿಗೆ ಬೀಗ ಬಿತ್ತು. ಮೇಸ್ತ್ರಿ ಮೊಣಕೈವರೆಗೆ ಬೆಳ್ಳಗಾಗಿ, ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ.

“ಸಮುದ್ರ ಹೇಗಿತ್ತೇ?”

“ಹೇಳಲ್ಲ. ಜೊತೆಗೆ ನೋಡೋಣ ಅಂತ ತಾನೇ ಬಂದಿದ್ದು? ಇನ್ನೊಂದು ಸಲ ಕರ್ಕೊಂಡು ಬನ್ನಿ.”

“ಬರೋಣ ಬಿಡು,” ಅಂದ ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತಾ. “ಈ ತೇಪೆ ಹೇಗೆ ನಿಂತಿದೆ ಅಂತಾನೂ ನೋಡ್ದಂಗಾಗುತ್ತೆ.”